ಸುಣ್ಣಕಟ್ಟು

ಹಲಗೂರು ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಹುಳುಮನೆ.
ಹೊಸ್ತಿಲಲ್ಲಿ ತಗಡಿನ ತಟ್ಟೆ, ತಟ್ಟೆ ತುಂಬ ಬ್ಲೀಚಿಂಗ್ ನೀರು.
ಯಾರೇ ಬರಲಿ, ಪಾದ ಅದ್ದಿಯೇ ಬರಬೇಕು:
ಗಂಡನೂ, ಇಲಾಖೆಯ ನಸೀಮಾ ಮೇಡಮ್ಮೂ,
ಬಿಲ್ಲು ಕೊಡಲು ಬಂದು ಬೈದುಕೊಂಡು ಹೋದ ಕರೆಂಟಿನವನೂ.

ಕಣ್ಣಿಗೆ ಕಾಣದ್ದು ಇದೆಯೆಂದು ನಂಬಲು
ನನಗೆ ಮೇಡಮ್ಮಿನ ಪಾಠ ಬೇಕಿರಲಿಲ್ಲ.
ಉಗುರು ಬೆಚ್ಚಗಿನ ಹಾಲಿಗೆ ಬೆರಳ ತುದಿಯಷ್ಟು ಹೆಪ್ಪು ಬಿಟ್ಟು
ಮುಚ್ಚಿಟ್ಟು ಮಲಗುವವಳು ನಾನು.
ಬೆಳಗ್ಗೆ ಓರೆ ಮಾಡಿದರೂ ಅಲುಗದ ಮೊಸರು.
ರಾತ್ರಿಯೆಲ್ಲ ಯಾರು ದುಡಿದರೆಂದು ಕೇಳಿದವಳಲ್ಲ.
ಚಳಿಗೆ ಇಡ್ಲಿ ಹಿಟ್ಟು ಉಬ್ಬದಿದ್ದರೆ ಪಾತ್ರೆಯನ್ನು ಒಲೆಯ ಪಕ್ಕ ಕೂರಿಸಿ
ಹಳೇ ಟವಲು ಹೊದಿಸುತ್ತೇನೆ,
ಬಾಣಂತಿಗೆ ಹೊದಿಸಿದ ಹಾಗೆ.

ಹುಳುಮನೆಯೊಳಗೆ ನಾನು ಬೇರೆಯೇ ಹೆಂಗಸು.
ಮರಿ ಬರುವ ಐದು ದಿನ ಮೊದಲೇ ಚಂದ್ರಂಕಿಗಳು ಬಿಸಿಲಿಗೆ.
ಸುಣ್ಣದ ತಿಳಿಯಲ್ಲಿ ಬ್ಲೀಚಿಂಗ್ ಕಲಸಿ
ಗೋಡೆಯ ಬಿರುಕು ಬಿರುಕಿಗೂ ಹೊಡೆಯುತ್ತೇನೆ.
ಕಣ್ಣುರಿದು ನೀರು ಸುರಿದು
ಸಾವಿನ ಮನೆಯಿಂದ ಬಂದವಳಂತೆ ಕಾಣುತ್ತೇನೆ.
ಮೂರನೇ ಜ್ವರ ಎದ್ದ ಹುಳುಗಳಿಗೆ ಪುಡಿ ಜರಡಿ ಹಿಡಿದರೆ
ಬಾಗಿಲಾಚೆ ಎಲೆಗೆ ಸುಣ್ಣ ಸವರುತ್ತ ಅತ್ತೆ,
"ಕೂಸಿಗೆ ಪೌಡರ್ ಹಾಕ್ದಂಗೆ ಹಾಕ್ತಾಳೆ ನೋಡು!"

ಕಾರ್ತಿಕದ ಸೋನೆ. ಮೂರು ದಿನ ಬಿಸಿಲಿಲ್ಲ.
ಪಕ್ಕದ ಜವರಮ್ಮನ ಬೆಳೆಗೆ ಸುಣ್ಣಕಟ್ಟು ಬಿತ್ತು.
ಮೊದಲು ಹುಳು ಸೊಪ್ಪು ಬಿಡುತ್ತದೆ,
ಆಮೇಲೆ ಕಡ್ಡಿಯ ಹಾಗೆ ಸೆಟೆಯುತ್ತದೆ,
ಕೊನೆಗೆ ಬೆಳ್ಳಗೆ, ಮೇಷ್ಟರು ಬಿಸಾಕಿದ ಸೀಮೆಸುಣ್ಣದ ಚೂರು.
ಮುಟ್ಟಿದರೆ ಬೆರಳಿಗೆ ಹಿಟ್ಟು.
ಆ ಹಿಟ್ಟೇ ಬೀಜ. ಗಾಳಿಗೆ ಹಾರುತ್ತದೆ,
ಸೆರಗಿಗೆ ಹತ್ತುತ್ತದೆ, ನೆಂಟಸ್ತಿಕೆ ನೋಡುವುದಿಲ್ಲ.
ಇನ್ನೂರು ಮೊಟ್ಟೆಯ ಬೆಳೆ.
ಗುಂಡಿ ತೋಡಿ, ಮೇಲೆ ಸುಣ್ಣ ಸುರಿದು ಮುಚ್ಚಿದರು.
ರೋಗದ ಹೆಸರಲ್ಲೂ ಸುಣ್ಣ, ಮದ್ದಿನ ಪುಟ್ಟಿಯಲ್ಲೂ ಸುಣ್ಣ;
ದೂರದಿಂದ ನೋಡಿದರೆ ಎರಡೂ ಒಂದೇ ಬಿಳಿ.

ಮೂರನೇ ದಿನ ಬಂದಳು, ಸ್ಟೀಲಿನ ಬಟ್ಟಲು ಹಿಡಿದು.
"ಒಸಿ ಹೆಪ್ಪು ಕೊಡವ್ವ, ನಮ್ದು ಹಳಸೋಯ್ತು."
ನನ್ನ ಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು,
ತಲೆಯೆತ್ತಿ, ಉಣ್ಣದೆ, ಅಲುಗದೆ.
ಹದಿನಾಲ್ಕು ವರ್ಷ ಕೂಗದೆಯೇ ಒಳಗೆ ಬಂದವಳು,
ನನ್ನ ಮೊದಲ ಹೆರಿಗೆಗೆ ನೀರು ಕಾಯಿಸಿದವಳು.
"ಅಲ್ಲೇ ಇರು" ಅಂದೆ.

ನಿಂತಳು. ತಟ್ಟೆಯನ್ನೊಮ್ಮೆ, ತನ್ನ ಪಾದವನ್ನೊಮ್ಮೆ ನೋಡಿ
"ಗೊತ್ತು ಬುಡು" ಅಂದಳು.
ಬಟ್ಟಲಿಗೆ ಚಮಚ ತಾಗದಂತೆ
ಮೇಲಿಂದಲೇ ಹೆಪ್ಪು ಬಿಟ್ಟೆ.

ಅದು ಬೀಳುವಷ್ಟು ಹೊತ್ತಿನಲ್ಲಿ ಅಜ್ಜಿ ನೆನಪಾದಳು.
ಗೌಡರ ಹಿತ್ತಿಲಲ್ಲಿ ಮಜ್ಜಿಗೆ ಹೊಯ್ಯುತ್ತಿದ್ದ ಎತ್ತರವನ್ನು
ಕೈಯೆತ್ತಿ ತೋರಿಸುತ್ತಿದ್ದಳು:
ಇಷ್ಟು, ಇಷ್ಟು ಮೇಲಿಂದ.
ಯಾವ ರೋಗಕ್ಕೆ ಹೆದರಿ ಎಂದು
ಆಗ ನನಗೆ ಕೇಳಬೇಕೆನಿಸಿರಲಿಲ್ಲ.

ಗೂಡು ಚೆನ್ನಾಗಿಯೇ ಬಂತು. ರಾಮನಗರದಲ್ಲಿ ರೇಟೂ ಸಿಕ್ಕಿತು.
ಉಳಿದಿದ್ದ ಅರ್ಧ ಮೂಟೆ ಸುಣ್ಣ ಹೊತ್ತು
ಅವಳ ಹುಳುಮನೆಗೆ ಹೋದೆ.
ಇಬ್ಬರೂ ಸೇರಿ ಗೋಡೆ ತೊಳೆದೆವು,
ಮಾತಿಲ್ಲದೆ, ಮೂಗಿಗೆ ಸೆರಗು ಕಟ್ಟಿ.
ಕಣ್ಣಲ್ಲಿ ನೀರು ಬಂದದ್ದಕ್ಕೆ
ಬ್ಲೀಚಿಂಗ್ ಇತ್ತಲ್ಲ, ಸಾಕು.

ಹೊರಡುವಾಗ ಕೇಳಿದೆ, "ನಿನ್ನತ್ರ ಹೆಪ್ಪಿದ್ಯಾ?
ಮಾರ್ಕೆಟ್ಟಿನ ಗಡಿಬಿಡಿಲಿ ನಂದು ಕೆಟ್ಟೋಯ್ತು."
ಒಳಗೆ ಹೋಗಿ ಮಡಕೆ ತಂದಳು.
ನಾನು ಬಿಟ್ಟ ಹನಿಯ ಮೊಮ್ಮಗುವಿನ ಮೊಮ್ಮಗು ಅದು,
ಅವಳ ಎಮ್ಮೆ ಹಾಲು ಕುಡಿದು ಗಟ್ಟಿಯಾಗಿತ್ತು.
ಚಮಚ ಹುಡುಕಲಿಲ್ಲ.
ಬೆರಳಲ್ಲೇ ತೆಗೆದು, ನನ್ನ ಬಟ್ಟಲಿನ ಅಂಚಿಗೆ ಒರೆಸುತ್ತ,
ನಾನು ನೋಡುವ ಮೊದಲೇ ಅಂದಳು:

"ತೊಳ್ದಿವ್ನಿ ಕಣವ್ವ, ಕೈಯ."